ಟ್ರೆಂಡಿಗೆ ಬಿದ್ದ ಕೂಗು

ಅವ್ವ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಕೂಗಿದರೆ ಗುಡ್ಡದ ಇಳಿಜಾರಿನಲ್ಲಿದ್ದ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತುತ್ತಿದ್ದವು. ಇನ್ನೊಮ್ಮೆ ಕೂಗಿದರೆ ಸಾಕು, ಯಾವುದೋ ಒಂದು ಹಳೆಯ ಕುರಿ ಇತ್ತ ತಿರುಗುತ್ತಿತ್ತು. ಅದರ ಹಿಂದೆ ಇಡೀ ಹಿಂಡು ಧೂಳೆಬ್ಬಿಸಿಕೊಂಡು ಇಳಿಯುತ್ತಿತ್ತು. ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ತನಗೂ ಆ ಕುರಿಗಳಿಗೂ ಸಂಬಂಧವೇ ಇಲ್ಲದವನಂತೆ ಹಿಂದಿನಿಂದ ನಿಧಾನವಾಗಿ ಬರುತ್ತಿದ್ದ. ಹಗಲೆಲ್ಲ ಕಾಯುವುದು ಅವನ ಕೆಲಸ, ಸಂಜೆ ಕರೆದುಕೊಳ್ಳುವುದು ಅವ್ವನದು. ಯಲ್ಲದಕೆರೆಯಿಂದ ಸ್ವಲ್ಪ ಒಳಗಿರುವ ನಮ್ಮ ಹಟ್ಟಿಯಲ್ಲಿ ನಾನು ಬೆಳೆದದ್ದು ಈ ಸಂಜೆಗಳಲ್ಲೇ.

ಆ ಕೂಗನ್ನು ಬರೆದು ತೋರಿಸುವುದು ಕಷ್ಟ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಬಿಟ್ಟಂತೆ ಒಂದು ಸಣ್ಣ ಸದ್ದು, ಆಮೇಲೆ ಗಂಟಲಿನಿಂದ ಏಳುವ ಉದ್ದನೆಯ ಎಳೆತ, ಕೊನೆಯಲ್ಲಿ ಕೊಡ ನೀರಿಗೆ ಇಳಿದಂತೆ ಒಂದು ಇಳಿತ. ನಮ್ಮ ಮನೆಯಲ್ಲಿ ಅದು ಅತ್ತೆಯಿಂದ ಸೊಸೆಗೆ ಬರುವ ಸ್ವತ್ತು. ಅವ್ವ ಅದನ್ನು ನಮ್ಮ ಅಜ್ಜಿ ಓಬಕ್ಕನಿಂದ ಕಲಿತಿದ್ದಳು. ಮನೆಯ ಹೆಣ್ಣುಮಕ್ಕಳು ಕೂಗುವಂತಿರಲಿಲ್ಲ. “ನಾಳೆ ಹೋಗೋರು ಕರುದು ರೂಢಿ ಮಾಡಿದ್ರೆ ಕುರಿ ಯಾರ್ನ ನಂಬ್ಬೇಕು?” ಎಂದು ಅಜ್ಜಿ ಗದರುತ್ತಿದ್ದಳು. ಹಾಗೆಯೇ, ಈ ಮನೆಗೆ ಬಂದ ಸೊಸೆ ತನ್ನ ತವರಿನ ಕೂಗನ್ನು ಇಲ್ಲಿ ಬಾಯಿಗೆ ತರುವಂತಿರಲಿಲ್ಲ. ಇನ್ನೂ ಒಂದು ಕಟ್ಟಳೆ ಇತ್ತು, ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ತಿಳಿದದ್ದು: ಕರೆದ ಮೇಲೆ ಏನಾದರೂ ಕೊಡಬೇಕು. ಅವ್ವ ಕೂಗುವಾಗ ಅವಳ ಸೆರಗಿನಲ್ಲಿ ನೆನೆಸಿದ ಹುರುಳಿಯೋ ಒಂದಿಷ್ಟು ಉಪ್ಪೋ ಇರುತ್ತಿತ್ತು. ಇಲ್ಲವೇ ಅವಳ ಹಿಂದಿನ ಗೂಡಿನಲ್ಲಿ ತಾಯಿಗಾಗಿ ಅರಚುವ ಮರಿಗಳಿರುತ್ತಿದ್ದವು. ಬರಿಗೈಯಲ್ಲಿ ಕೂಗಿದ್ದನ್ನು ನಾನು ಕಂಡಿರಲಿಲ್ಲ.

ನಾನೀಗ ಹೊಳಲ್ಕೆರೆಯ ಸೊಸೆ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಕೆಲಸಕ್ಕೆ ಹೋಗುತ್ತೇನೆ. ಬಿ.ಡಿ. ರಸ್ತೆಯಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲೆ ಲಕ್ಷ್ಮೀಕಾಂತ್ ಅವರ ಡಿಜಿಟಲ್ ಮಾರ್ಕೆಟಿಂಗ್ ಆಫೀಸು ಇದೆ. ಬೋರ್ಡು ದೊಡ್ಡದು, ಕುರ್ಚಿಗಳು ಕಡಿಮೆ. ಹೊಸದುರ್ಗದ ಜವಳಿ ಅಂಗಡಿ, ಹಿರಿಯೂರಿನ ಡಾಬಾ, ದುರ್ಗದ್ದೇ ಒಂದು ಕೋಚಿಂಗ್ ಸೆಂಟರು, ಇಂಥವರ ಪೇಜುಗಳನ್ನು ನಾವು ನೋಡಿಕೊಳ್ಳುತ್ತೇವೆ. ಈ ವಾರ ಯಾವ ಹಾಡು, ಯಾರ ಮಾತು ಹೆಚ್ಚು ಓಡುತ್ತಿದೆ ಎಂದು ಹುಡುಕಿ, ಅದಕ್ಕೆ ಸೀರೆಯನ್ನೋ ಬಿರಿಯಾನಿಯನ್ನೋ ಜೋಡಿಸಿ, ಮೇಲೊಂದು ಸಾಲು ಬರೆಯುವುದು ನನ್ನ ಕೆಲಸ. ಬರೆದ ಸಾಲನ್ನು ಪದೇಪದೇ ಓದುತ್ತೇನೆ. ಯಾರಿಗೆ ಎಲ್ಲಿ ಚುಚ್ಚುತ್ತದೋ ಎಂಬ ಭಯ. ಲಕ್ಷ್ಮೀಕಾಂತ್ ಸರ್ ನಗುತ್ತಾರೆ: “ಯಶೋದಾ, ಅದು ಪಂಚೆ ಆಫರ್ ಕಣ್ರೀ. ರಾಜೀನಾಮೆ ಪತ್ರ ಅಲ್ಲ.”

ನನ್ನ ತಮ್ಮ ಹರೀಶನ ಹೆಂಡತಿ ರಂಜಿತಾ ಹೊಸದುರ್ಗದ ಕಡೆಯವಳು. ಡಿಗ್ರಿ ಓದಿದ್ದಾಳೆ, ಮಾತಿನಲ್ಲಿ ಚುರುಕು. ಮದುವೆಯಾಗಿ ಬಂದ ಸ್ವಲ್ಪ ದಿನಕ್ಕೇ ‘ಹಟ್ಟಿಸೊಸೆ’ ಎಂದು ಒಂದು ಪೇಜ್ ಶುರು ಮಾಡಿದಳು. ಮುದ್ದೆ ತಿರುವುವುದು, ಉಣ್ಣೆ ಕತ್ತರಿಸುವುದು, ಅವ್ವನ ಬೈಗುಳ, ಎಲ್ಲವೂ ಅದರಲ್ಲಿ ಬರುತ್ತಿತ್ತು. ನೋಡುವವರೇ ಕಡಿಮೆ. ಅವಳ ಕಾಲೇಜಿನ ಗೆಳತಿಯರು, ನಾನು, ಮತ್ತೆ ಎಲ್ಲಕ್ಕೂ ಕೈಮುಗಿದ ಚಿತ್ರ ಹಾಕುವ ದುಬೈನ ಯಾರೋ ಒಬ್ಬ.

“ಅಕ್ಕ, ನಂದ್ಯಾಕೆ ಓಡ್ತಿಲ್ಲ?” ಎಂದು ಫೋನ್ ಮಾಡುತ್ತಿದ್ದಳು.

“ಓಡುತ್ತೆ ಕಣೆ. ನಿಧಾನ.”

“ನಿಧಾನ ನಿಧಾನ ಅಂತ ಅಜ್ಜಿ ಆಗೋಗ್ತೀನಿ. ಆಮೇಲೆ ಪೇಜಿಗೆ ಹಟ್ಟಿಅಜ್ಜಿ ಅಂತ ಹೆಸ್ರು ಬದ್ಲಾಯಿಸ್ಬೇಕು, ಅಷ್ಟೆ.”

ಅವಳ ಪೇಜ್ ಓಡಿದ್ದು ಅವ್ವ ಊರಿನಲ್ಲಿ ಇಲ್ಲದಾಗ.

ಹೊಸದುರ್ಗದಲ್ಲಿ ಅವ್ವನ ತಂಗಿ ಅನುಸೂಯ ಚಿಕ್ಕಮ್ಮನ ಮಗಳ ಮದುವೆಯಿತ್ತು. ಹಿಂದೆಲ್ಲ ಅವ್ವ ಇಂಥದ್ದಕ್ಕೆ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬಂದುಬಿಡುತ್ತಿದ್ದಳು. ಈ ಸಲ ತಂಗಿ ಹಟ ಹಿಡಿದಳು, ವಾರ ಮೊದಲೇ ಬರಬೇಕೆಂದಳು. ರಂಜಿತಾ ಆಗಷ್ಟೇ ಕೂಗು ಕಲಿಯುತ್ತಿದ್ದಳು. ಅವಳು ಕೂಗಿದರೆ ಕುರಿಗಳು ಕಿವಿ ಅಲ್ಲಾಡಿಸಿ ಮತ್ತೆ ಮೇಯುತ್ತಿದ್ದವು. ಹರೀಶ ಉಪಾಯ ಹೂಡಿದ. ಅವ್ವನ ಕೂಗನ್ನು ಮೊದಲೇ ಫೋನಿಗೆ ತುಂಬಿಕೊಂಡು, ಅವಳು ಹೋದ ಸಂಜೆ ಬ್ಲೂಟೂತ್ ಸ್ಪೀಕರನ್ನು ರೊಪ್ಪದ ಬಾಗಿಲ ಕಲ್ಲಿನ ಮೇಲಿಟ್ಟು ಹಾಕಿದ. ಕುರಿಗಳು ತಲೆ ಎತ್ತಿದವು. ಇಳಿದು ಬಂದವು. ಬಂದು ಅವ್ವನನ್ನು ಹುಡುಕಿದವು. ಕಿವಿಯ ಬಳಿ ಕರಿ ಚುಕ್ಕೆಯಿದ್ದ ಒಂದು ಕುರಿ ಸ್ಪೀಕರನ್ನು ಮೂಸಿ, ಅನುಮಾನಿಸಿ, ಮೆಲ್ಲಗೆ ನೆಕ್ಕಿತು.

ಅಷ್ಟನ್ನೂ ರಂಜಿತಾ ವಿಡಿಯೊ ಮಾಡಿದಳು. ಮೇಲೆ ಬರೆದಳು: ಅತ್ತೆ ಮದುವೆಗೆ ಹೋಗವ್ರೆ, ಡ್ಯೂಟಿ ಸ್ಪೀಕರಿಗೆ.

ಅದು ಹೇಗೆ ಹತ್ತಿಕೊಂಡಿತೋ ಈ ಕೆಲಸದಲ್ಲಿರುವ ನನಗೂ ಹೇಳಲು ಬರುವುದಿಲ್ಲ. ಎರಡು ದಿನ ಸುಮ್ಮನಿತ್ತು. ಆಮೇಲೆ ಒಂದು ಹಾಸ್ಟೆಲಿನ ಹುಡುಗಿಯರು ಅದೇ ದನಿ ಹಾಕಿಕೊಂಡು ಊಟದ ಹಾಲಿಗೆ ತಟ್ಟೆ ಹಿಡಿದು ಓಡಿದರು. ಒಬ್ಬ ಮೇಷ್ಟ್ರು ಮಕ್ಕಳನ್ನು ಕರೆದರು. ಒಬ್ಬಳು ಗಂಡನನ್ನು ಟೀವಿಯ ಮುಂದಿನಿಂದ ಎಬ್ಬಿಸಿದಳು. ತೆಲುಗಿನವರು, ತಮಿಳಿನವರು, ಅದು ಏನೆಂದೇ ಗೊತ್ತಿಲ್ಲದವರು ಎಲ್ಲರೂ ಅವ್ವನ ಕೂಗಿಗೆ ತುಟಿ ಅಲ್ಲಾಡಿಸಿದರು.

ನಾನು ಆಫೀಸಿನಲ್ಲಿ ಜವಳಿ ಅಂಗಡಿಗೆ ಆ ವಾರದ ದನಿ ಹುಡುಕುತ್ತಾ ಕುಳಿತಿದ್ದೆ. ಹೆಡ್‌ಫೋನಿನಲ್ಲಿ ಮೊದಲು ನಾಲಿಗೆಯ ಆ ಸಣ್ಣ ಸದ್ದು ಕೇಳಿತು. ಎಳೆತ ಮುಗಿಯುವ ಹೊತ್ತಿಗೆ ಬಿ.ಡಿ. ರಸ್ತೆಯ ಆಟೋಗಳ ಸದ್ದು, ಫ್ಯಾನಿನ ಸದ್ದು ಎಲ್ಲ ದೂರ ಸರಿದಿದ್ದವು. ಮೂಗಿಗೆ ಮರಿಗಳ ಗೂಡಿನ ಬೆಚ್ಚನೆಯ ವಾಸನೆ ಬಂತು. ಸಂಜೆಯ ಕೆಂಪು ಧೂಳಿನಲ್ಲಿ ಅಪ್ಪನ ಕಂಬಳಿ, ಒಂದೊಂದೇ ಮರಿಯನ್ನು ಬಿಡುತ್ತಾ ‘ನಿಮ್ಮವ್ವ ಅಲ್ಲೈತೆ ನೋಡೋ’ ಎನ್ನುವ ಅವ್ವ, ತಪ್ಪು ತಾಯಿಯ ಹತ್ತಿರ ಹೋಗಿ ಒದೆ ತಿಂದು ಬರುವ ಮರಿ, ಅದನ್ನು ನೋಡಿ ನಗುವ ಹರೀಶ. ಮುಂದಿನ ವಿಡಿಯೊ ತಾನೇ ಶುರುವಾಗಿ ಯಾರೋ ಕುಣಿಯತೊಡಗಿದರು. ನಾನು ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದೆ.

“ಯಾಕ್ರೀ ಕಣ್ಣೊರಸ್ಕೋತಿದ್ದೀರಿ?” ಲಕ್ಷ್ಮೀಕಾಂತ್ ಸರ್ ಹಿಂದೆ ನಿಂತಿದ್ದರು.

“ನಮ್ಮವ್ವ ಸರ್.”

“ಏನಾತ್ರೀ ಅವ್ರಿಗೆ?”

“ಏನಾಗಿಲ್ಲ. ಇದು... ಇದು ನಮ್ಮವ್ವನ ದನಿ.”

ಅವರು ಹೆಡ್‌ಫೋನ್ ಕಿತ್ತುಕೊಂಡು ಕೇಳಿ, ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು. “ಯಶೋದಾ, ಟ್ರೆಂಡನ್ನ ಮನೇಲೇ ಕಟ್ಟಾಕ್ಕೊಂಡು ಇಲ್ಲಿ ಬಂದು ಹುಡುಕ್ತಿದ್ದೀರಲ್ರೀ!”

ಅವ್ವ ಮದುವೆ ಮುಗಿಸಿ ಬರುವಷ್ಟರಲ್ಲಿ ಹೆಸರುವಾಸಿಯಾಗಿದ್ದಳು. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗಿಯರು ಅವಳ ಜೊತೆ ಫೋಟೊ ತೆಗೆಸಿಕೊಂಡರು. ಭಾನುವಾರಗಳಲ್ಲಿ ಹಟ್ಟಿಗೆ ಜನ ಬರತೊಡಗಿದರು. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಡಿಸಿ, ನೀರು ಕೊಟ್ಟು, “ಕುಂತ್ಕಳ್ರಿ” ಎಂದು ಅಪ್ಪ ಕಂಬಳಿ ಹಾಸುತ್ತಿದ್ದ. ಬಂದವರು ಕೇಳುತ್ತಿದ್ದುದು ಒಂದೇ: “ಅಮ್ಮ, ಒಂದ್ಸಲ ಕೂಗಿ ತೋರ್ಸಮ್ಮ.” ಅವ್ವ ಮೊದಮೊದಲು ನಾಚಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ತಲೆಗೂದಲು ಸವರಿಕೊಂಡು ಕೂಗುತ್ತಿದ್ದಳು. ಅವಳಿಗೂ ಅದು ಹಿಡಿಸಿತ್ತು. ಇಷ್ಟು ವರ್ಷ ಕೂಗಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿನಲ್ಲಿ ಕುರಿಗಳು ಮೇವು ಬಿಟ್ಟು ಓಡಿಬರುತ್ತಿದ್ದವು. ಜನ ವಿಡಿಯೊ ಮಾಡುತ್ತಿದ್ದರು. ಅವ್ವನ ಸೆರಗಿನಲ್ಲಿ ಏನೂ ಇರುತ್ತಿರಲಿಲ್ಲ. ಕುರಿಗಳು ಸ್ವಲ್ಪ ಹೊತ್ತು ನಿಂತು ಅವಳ ಕೈ ನೋಡಿ, ಅಪ್ಪ ಹಚಾ ಎಂದು ಅಟ್ಟಿದರೆ ವಾಪಸು ಹೋಗುತ್ತಿದ್ದವು. ಹುಳಿಯಾರು ರಸ್ತೆಯಲ್ಲಿ ಬೈಕಿನ ಹುಡುಗರು ಗಾಡಿ ನಿಲ್ಲಿಸಿ ಫೋನಿನಿಂದ ಅದೇ ಕೂಗು ಹಾಕಿ, ಕುರಿ ತಿರುಗಿತಾ ಇಲ್ಲವಾ ಎಂದು ಪಂಥ ಕಟ್ಟುತ್ತಾರೆಂದು ಹರೀಶ ನಗುತ್ತಾ ಹೇಳಿದ.

ನಾನು ಒಂದು ಭಾನುವಾರ ಹೋಗಿದ್ದಾಗ ಅವ್ವ ದಾವಣಗೆರೆಯ ಯಾರೋ ಗಂಡಹೆಂಡಿರಿಗಾಗಿ ಕೂಗಿದಳು. ಕುರಿಗಳು ತಲೆ ಎತ್ತಿದವು. ಬಂದವು, ಆದರೆ ಎಲ್ಲವೂ ಬರಲಿಲ್ಲ. ಕರಿ ಚುಕ್ಕೆಯ ಕುರಿ ನಿಂತಲ್ಲೇ ನಿಂತು ಇತ್ತ ನೋಡಿತು. ನಾವು ಯಾರನ್ನಾದರೂ ಗುರುತು ಹಿಡಿಯಲು ನೋಡುವಂತೆ ನೋಡಿ, ಮತ್ತೆ ತಲೆ ತಗ್ಗಿಸಿತು.

“ಅವ್ವ, ಅದು ಬರಲಿಲ್ಲ ನೋಡು,” ಎಂದೆ.

“ಹೊಟ್ಟೆ ತುಂಬಿರ್ಬೇಕು.”

“ಅಲ್ಲವ್ವ. ಸುಮ್ನೆ ಸುಮ್ನೆ ಕರೀತಾ ಹೋದ್ರೆ...”

“ಹುಟ್ಟಿದಾಗಿಂದ ನೀನು ಇಂಗೇ. ಹಾಲು ಉಕ್ಕಾಕೆ ಮುಂಚೆನೇ ಒರ್ಸ ಬಟ್ಟೆ ಹಿಡ್ಕಂಡು ನಿಂತಿರ್ತೀಯ.” ಅವ್ವ ನಕ್ಕಳು. ರಂಜಿತಾಳೂ ನಕ್ಕಳು. ದಾವಣಗೆರೆಯವರೂ, ಏನೆಂದು ತಿಳಿಯದಿದ್ದರೂ, ನಕ್ಕರು.

ಅಷ್ಟರಲ್ಲಿ ಲಕ್ಷ್ಮೀಕಾಂತ್ ಸರ್ ಒಂದು ಪಶು ಆಹಾರದ ಕಂಪನಿಯೊಂದಿಗೆ ಮಾತು ಮುಗಿಸಿದ್ದರು. ಜಾಹೀರಾತಿನಲ್ಲಿ ಅವ್ವ ಕೂಗಬೇಕು, ಹಿಂಡು ಓಡಿಬಂದು ಕಂಪನಿಯ ಚೀಲದ ಮುಂದೆ ನಿಲ್ಲಬೇಕು, ರಂಜಿತಾ ಎರಡು ಮಾತಾಡಬೇಕು. ಚೆನ್ನಾಗಿ ಬಂದರೆ ಮುಂದೆ ಅವರ ವಿಡಿಯೊಗಳಿಗೆಲ್ಲ ಅವಳೇ. “ಟ್ರೆಂಡ್ ಅಂದ್ರೆ ಒಗ್ಗರಣೆ ಮಂಡಕ್ಕಿ ಇದ್ದಂಗೆ ಕಣ್ರೀ, ಮೆತ್ತಗಾಗೋಕೆ ಮುಂಚೆ ಕೊಟ್ಬಿಡ್ಬೇಕು,” ಎಂದು ಅವರು ಅವಸರ ಮಾಡಿದರು. ರಂಜಿತಾ ಫೋನಿನಲ್ಲಿ ಅತ್ತುಬಿಟ್ಟಳು, ಸಂತೋಷಕ್ಕೆ. “ಅಕ್ಕ, ನಮ್ಮಪ್ಪಂಗೆ ಹೇಳ್ದೆ. ಓದಿಸಿದ್ದು ದಂಡ ಆಗ್ಲಿಲ್ಲ ಬಿಡು ಮಗ ಅಂದ್ರು.”

ಚಿತ್ರೀಕರಣದ ದಿನ ನಾನೂ ಲಕ್ಷ್ಮೀಕಾಂತ್ ಸರ್ ಕಾರಿನಲ್ಲೇ ಹೋದೆ. ಬೇಲಿಯ ಹತ್ತಿರ ಅಪ್ಪ ತಡೆದ. “ಮೆಟ್ಟು ಆಚೆ ಬಿಡ್ರಿ ಸ್ವಾಮಿ.”

“ಶೂಸ್ ಕೂಡ ಬಿಡ್ಬೇಕಾ?”

“ಅದ್ರೊಳಗೆ ಕಾಲೈತೋ ಇಲ್ವೋ? ಅದೂ ಮೆಟ್ಟೇ.”

ಲಕ್ಷ್ಮೀಕಾಂತ್ ಸರ್ ಕಾದ ನೆಲದ ಮೇಲೆ ಕುಣಿಯುತ್ತಾ ಒಳಗೆ ಬಂದರು. ಕ್ಯಾಮೆರಾದವನು ಕಾಲಿಗೆ ಚುಚ್ಚಿದ ಜಾಲಿ ಮುಳ್ಳು ಕೀಳುತ್ತಾ ಬಂದ. ಅವ್ವ ತಂಗಿಯ ಮನೆಯ ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆಯುಟ್ಟು, ಮೂಗುತಿ ಉಜ್ಜಿಕೊಂಡು ರೊಪ್ಪದ ಬಾಗಿಲಲ್ಲಿ ನಿಂತಿದ್ದಳು. ಚೀಲವನ್ನು ಮುಂದಿಟ್ಟರು. ಕುರಿಗಳು ಇಳಿಜಾರಿನಲ್ಲಿದ್ದವು.

“ಹ್ಞೂಂ, ಅಮ್ಮ, ಕೂಗ್ರಿ.”

ಅವ್ವ ಕೂಗಿದಳು.

ಎಂದಿಗಿಂತ ಚೆನ್ನಾಗಿ ಕೂಗಿದಳು ಎಂದೇ ನನಗೆ ಅನಿಸಿತು. ದನಿ ಗುಡ್ಡಕ್ಕೆ ಹೋಗಿ ತಾಗಿತು. ಒಂದು ಕುರಿಯೂ ತಲೆ ಎತ್ತಲಿಲ್ಲ.

ಅವ್ವ ಗಂಟಲು ಸರಿಮಾಡಿಕೊಂಡು ಮತ್ತೆ ಕೂಗಿದಳು. ಮುಂದಿನ ಸಾಲಿನ ಕುರಿಯೊಂದು ಕಿವಿ ಬಡಿದು ನೊಣ ಓಡಿಸಿತು. ಮೂರನೆಯ ಕೂಗು ಅರ್ಧದಲ್ಲೇ ಒಡೆಯಿತು.

“ಬಿಸ್ಲಿಗೆ ಅತ್ತೆ, ಬಿಸ್ಲಿಗೆ,” ಎನ್ನುತ್ತಾ ರಂಜಿತಾ ಒಳಗೋಡಿ ಸ್ಪೀಕರ್ ತಂದಳು. ಅದರಲ್ಲಿ ಹಾಕಿದಾಗ ಹಿಂಡಿನಲ್ಲಿ ಚಲನೆ ಕಂಡಿತು. ಕುರಿಗಳು ತಿರುಗಿದವು. ನಮಗೆ ಬೆನ್ನು ಮಾಡಿ, ಇನ್ನಷ್ಟು ಮೇಲಕ್ಕೆ ಹತ್ತಿದವು.

ನಾನು ಅವ್ವನ ಮುಖ ನೋಡಲಾರದೆ ಅವಳ ಕೈ ನೋಡಿದೆ. ಸೆರಗಿನ ತುದಿಯನ್ನು ಹುರುಳಿ ಹಿಡಿದಂತೆ ಮಡಚಿ ಹಿಡಿದುಕೊಂಡಿದ್ದಳು.

ಲಕ್ಷ್ಮೀಕಾಂತ್ ಸರ್ ಒಳ್ಳೆಯವರೇ. ಸಮಾಧಾನ ಮಾಡಲೆಂದೇ ಹೇಳಿದರು: “ಪರ್ವಾಗಿಲ್ಲ ಬಿಡ್ರಮ್ಮ. ನಿಮ್ಮ ಸೊಸೆ ಹತ್ರ ಹಳೇ ವಿಡಿಯೊ ಅದಾವಲ್ಲ. ಕುರಿ ಓಡಿ ಬರೋದ್ನ ಎಡಿಟಿಂಗ್‌ನಾಗೆ ತರ್ತೀವಿ.”

“ಸಂಜೆಗೆ ಕುರೀನ ರೊಪ್ಪಕ್ಕೂ ಅದೇ ತಂದು ಕೂಡುತ್ತಾ ಏನಪ್ಪ?” ಎಂದು ಅವ್ವ ಕೇಳಿದಳು. ಸಿಟ್ಟಿನಿಂದಲ್ಲ. ನಿಜವಾಗಿ ಕೇಳಿದಂತಿತ್ತು.

ಅವರು ಚೀಲದ ಪಕ್ಕ ರಂಜಿತಾಳನ್ನು ನಿಲ್ಲಿಸಿ ಎರಡು ಮಾತು ಹೇಳಿಸಿಕೊಂಡು ಹೊರಟರು. ನಾನು ಉಳಿದೆ.

ಆ ಸಂಜೆ ಅಪ್ಪ ಮತ್ತು ಹರೀಶ ಎರಡೂ ಬದಿಯಿಂದ ಕೋಲು ಹಿಡಿದು ಕುರಿಗಳನ್ನು ಅಟ್ಟಿಕೊಂಡು ಬಂದರು. ಬೈಗುಳ, ಕಲ್ಲೆಸೆತ, ಅಡ್ಡಾದಿಡ್ಡಿ ಓಟ. ಸಂತೆಗೆ ತಂದ ಬೇರೆಯವರ ಕುರಿಗಳಂತೆ ಅವು ಕಣ್ಣು ಬಿಟ್ಟುಕೊಂಡು ರೊಪ್ಪ ಸೇರಿದವು. ಅವ್ವ ಮರಿಗಳ ಗೂಡಿನ ಬಾಗಿಲು ತೆಗೆದಳು. ಮರಿಗಳು ಹಾರಿ ತಾಯಂದಿರನ್ನು ಹುಡುಕಿಕೊಂಡವು. ಒಂದು ಮರಿ ಮಾತ್ರ ಎಲ್ಲ ಕುರಿಗಳ ಕೆಳಗೂ ನುಗ್ಗಿ, ಎಲ್ಲದರಿಂದಲೂ ಒದೆಸಿಕೊಂಡು, ನಡುವೆ ನಿಂತು ಅರಚತೊಡಗಿತು.

“ಚೊಚ್ಚಲು ಕುರಿ ಬಂದಿಲ್ಲ,” ಎಂದಳು ಅವ್ವ. “ಕೋಲಿಗೆ ಹೆದ್ರಿ ಉಳ್ಕಂಡೈತೆ.”

“ನಾನು ಹೋಗ್ತೀನಿ,” ಎಂದ ಹರೀಶ.

“ನೀನು ಹೋದ್ರೆ ಇನ್ನೂ ಓಡುತ್ತೆ. ಕುಂತ್ಕ.” ಅವ್ವ ಮರಿಯನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ರೇಷ್ಮೆ ಸೀರೆ ಇನ್ನೂ ಬಿಚ್ಚಿರಲಿಲ್ಲ. ರಂಜಿತಾ ಅವಳ ಹಿಂದೆ ನಡೆದಳು. ರಂಜಿತಾಳ ಹಿಂದೆ ನಾನು.

ಬೆಳಕು ಇಳಿಯುತ್ತಿತ್ತು. ಆಚೆ ದಿನ್ನೆಯ ಮೇಲಿನ ಗಾಳಿಯಂತ್ರಗಳು ಬೂದು ಬಣ್ಣಕ್ಕೆ ತಿರುಗಿದ್ದವು. ತೋಳದ ಭಯ ನನಗೆ. ಪ್ರತಿ ಕಲ್ಲಿನ ಹಿಂದೆಯೂ ನೋಡುತ್ತಿದ್ದೆ. ಚಿಕ್ಕಂದಿನಲ್ಲಿ ಈ ಹೊತ್ತಿಗೆ ಇಲ್ಲಿ ಯಾರೂ ಇರಬೇಕಾದ ಅಗತ್ಯವೇ ಇರಲಿಲ್ಲ. ಅವ್ವ ಬಾಗಿಲಲ್ಲೇ ನಿಂತು ಇಷ್ಟು ದೂರವನ್ನೆಲ್ಲ ಒಂದು ಉಸಿರಿನಲ್ಲಿ ಮುಟ್ಟುತ್ತಿದ್ದಳು.

ಕಾರೆ ಗಿಡಗಳ ಬಳಿ ಅವ್ವ ನಿಂತಳು. ಬಾಯಿ ತೆರೆದಳು. ಮುಚ್ಚಿದಳು.

“ಕೂಗು ಅತ್ತೆ,” ಎಂದಳು ರಂಜಿತಾ.

“ಬ್ಯಾಡ ಕಣೆ. ಕೇಳಿದ್ರೆ ಇನ್ನೂ ದೂರ ಹೋದೀತು.”

ರಂಜಿತಾ ಮುಖ ಮುಚ್ಚಿಕೊಂಡಳು. “ನಾನೇ ಹಾಳು ಮಾಡ್ದೆ ಅತ್ತೆ. ಇವತ್ತೇ ಅದ್ನ ತೆಗೆದಾಕ್ತೀನಿ. ಪೇಜೇ ಮುಚ್ತೀನಿ.”

“ನೀನೊಬ್ಳೇ ಕರುದ್ಯಾ? ಬಂದ್ಬಂದೋರಿಗೆ ನಾಟ್ಕ ಆಡ್ದೋಳು ನಾನು.” ಅವ್ವ ಮರಿಯ ಬೆನ್ನು ಸವರುತ್ತಾ ಕತ್ತಲಾಗುತ್ತಿದ್ದ ಕಡೆ ನೋಡುತ್ತಿದ್ದಳು. “ಕರ್‍ಯಾದು ಅಂದ್ರೆ ಏನು ಅನ್ನಾದೇ ಮರ್ತಿದ್ದೆ.”

ಮುಂದೆ ಹೋದ ರಂಜಿತಾ ಅಳುತ್ತಲೇ ಏನೋ ಕೂಗಿದಳು. ನಮ್ಮ ಮನೆಯ ಕೂಗಲ್ಲ. ಗಿಡ್ಡನೆಯ, ಮೂಗಿನಿಂದ ಬರುವ, ಎರಡೆರಡು ಸಲ ತಟ್ಟುವ ದನಿ. ಕೂಗಿದವಳೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

“ಅದೇನೇ ಅದು?”

“ತಪ್ಪಾತು ಅತ್ತೆ. ನಮ್ಮವ್ವ ಎಮ್ಮೆ ಕರ್‍ಯಾದು. ಬಾಯಿಗೆ ಬಂದ್ಬಿಡ್ತು.”

ಸೆರಗಿನೊಳಗಿದ್ದ ಮರಿ ಅರಚಿತು. ಕಾರೆ ಗಿಡಗಳಾಚೆಯಿಂದ ಒಂದು ಕುರಿ ಉತ್ತರ ಕೊಟ್ಟಿತು. ಮರಿಯ ದನಿಗೋ, ರಂಜಿತಾಳ ಕೂಗಿಗೋ ನಾನು ಹೇಳಲಾರೆ. ಅವ್ವ ಅತ್ತ ಕಿವಿಗೊಟ್ಟು ಅಂದಳು:

“ಇನ್ನೊಂದ್ಸಲ ಕರಿ.”

“ಎಮ್ಮೆ ಕೂಗು ಅತ್ತೆ ಅದು!”

“ಎಮ್ಮೇದು ಅಂತ ಕುರಿಗೇನು ಗೊತ್ತು? ಕರಿ.”

ರಂಜಿತಾ ಕರೆದಳು. ಒಣ ಕಡ್ಡಿ ಮುರಿದ ಸದ್ದಾಯಿತು. ಚೊಚ್ಚಲು ಕುರಿ ಗಿಡದ ಸಂದಿಯಿಂದ ಮೂತಿ ಹೊರಗಿಟ್ಟು ನಿಂತಿತು. ಅವ್ವ ಮರಿಯನ್ನು ರಂಜಿತಾಳ ಕೈಗೆ ಕೊಟ್ಟು, ತಾನು ಹಿಂದಕ್ಕೆ ಸರಿದಳು. “ಕರುದೋಳು ನೀನು. ನೀನೇ ಕೊಡು.”

ಮಾರನೆಯ ದಿನದಿಂದ ರೊಪ್ಪದ ಬಾಗಿಲಲ್ಲಿ ರಂಜಿತಾ ನಿಂತಳು. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ. ಅಪ್ಪ ಮೊದಲ ದಿನ ಅದನ್ನು ಕೇಳಿ, “ಎಮ್ಮೆ ಯಾವಾಗ ತಂದ್ರಿ?” ಎಂದು ಕೇಳಿದನಂತೆ. ಅವ್ವ ಒಂದೇ ನಿಯಮ ಮಾಡಿದಳು. ಸಂಜೆ ಕರೆಯುವ ಹೊತ್ತಿಗೆ ರೊಪ್ಪದ ಬಳಿ ಯಾರ ಕೈಯಲ್ಲೂ ಫೋನ್ ಇರಬಾರದು. ಬಂದ ನೆಂಟರಾದರೂ ಸರಿ, ಒಳಗೆ ಇಟ್ಟು ಬರಬೇಕು. ಹುರುಳಿಯನ್ನು ಬೆಳಿಗ್ಗೆಯೇ ನೆನೆಹಾಕುವುದು ತನ್ನ ಕೆಲಸ ಎಂದಳು. ಕುರಿಗಳು ಬೇಗ ಒಪ್ಪಿಕೊಳ್ಳಲಿಲ್ಲ. ಎಷ್ಟೋ ದಿನ ಅಪ್ಪ ಅಟ್ಟುತ್ತಾ, ರಂಜಿತಾ ಕರೆಯುತ್ತಾ, ಎರಡೂ ಸೇರಿ ಅರ್ಧಂಬರ್ಧ ನಡೆಯಿತು. ಮೊದಲು ಒಪ್ಪಿದ್ದು ಆ ಚೊಚ್ಚಲು ಕುರಿ. ಕರಿ ಚುಕ್ಕೆಯದು ಎಲ್ಲಕ್ಕಿಂತ ಕೊನೆಗೆ ಬಂತು ಎಂದು ರಂಜಿತಾ ಫೋನಿನಲ್ಲಿ ಹೇಳಿದಾಗ ಅವಳ ದನಿಯಲ್ಲಿ ಪೇಜಿನ ಬಗ್ಗೆ ಮಾತಾಡುವಾಗಿನ ಅವಸರವಿರಲಿಲ್ಲ. ಪೇಜನ್ನು ಅವಳು ಮುಚ್ಚಿಲ್ಲ. ಮುದ್ದೆ, ಉಣ್ಣೆ, ಅತ್ತೆಯ ಬೈಗುಳ ಈಗಲೂ ಬರುತ್ತವೆ. ಕರೆಯುವುದನ್ನು ಮಾತ್ರ ಹಾಕುವುದಿಲ್ಲ.

ಹಳೆಯ ವಿಡಿಯೊ ತೆಗೆಸಿಬಿಡಲೇ ಎಂದು ನಾನು ಅವ್ವನನ್ನು ಕೇಳಿದ್ದೆ. “ಇರ್ಲಿ ಬಿಡು. ಅದು ಈಗ ಯಾವ ಕುರೀನೂ ಕರಿಯಲ್ಲ,” ಎಂದಿದ್ದಳು.

ಕಳೆದ ವಾರ ಜಾಹೀರಾತು ಹೊರಬಂತು. ಲಕ್ಷ್ಮೀಕಾಂತ್ ಸರ್ ಹೇಳಿದಂತೆಯೇ ಮಾಡಿದ್ದರು. ರಂಜಿತಾಳ ಹಳೆಯ ವಿಡಿಯೊಗಳಿಂದ ಹಿಂಡನ್ನು ತೆಗೆದು, ರೇಷ್ಮೆ ಸೀರೆಯ ಅವ್ವನಿಗೆ ಜೋಡಿಸಿದ್ದರು. ಎಲ್ಲಿ ಕತ್ತರಿಸಿದ್ದಾರೆ ಎಂದು ನಾನೂ ಹುಡುಕಬೇಕಾಯಿತು. ಭಾನುವಾರ ಹಟ್ಟಿಗೆ ಹೋದಾಗ ಅವ್ವ ಅದನ್ನು ತೋರಿಸು ಎಂದಳು. ನಡುಮನೆಯಲ್ಲಿ ಗೋಡೆಗೊರಗಿ ಕುಳಿತು, ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿದಳು. ಚಿಕ್ಕ ತೆರೆಯಲ್ಲಿ ಅವ್ವ ಕೂಗಿದಳು. ಕುರಿಗಳು ಒಟ್ಟಿಗೆ ತಲೆ ಎತ್ತಿ, ಧೂಳೆಬ್ಬಿಸಿಕೊಂಡು, ಒಂದನ್ನೊಂದು ನೂಕಿಕೊಂಡು ಅವಳತ್ತ ಓಡಿಬಂದವು. ಮುಗಿದ ಕೂಡಲೇ ಅದು ತಾನಾಗಿಯೇ ಮತ್ತೆ ಶುರುವಾಯಿತು. ಅವ್ವ ಮತ್ತೆ ನೋಡಿದಳು.

“ಎಷ್ಟು ಚೆಂದ ಬತ್ತಾವೆ ನೋಡು,” ಎಂದಳು. “ಅಗೋ, ಕರಿ ಚುಕ್ಕೆದು. ಮುಂದೈತೆ.”

ಅವಳ ಭುಜಕ್ಕೆ ಭುಜ ತಾಗಿಸಿ ಕುಳಿತು ನಾನೂ ನೋಡಿದೆ. ನಾನು ಬೆಳೆದ ಸಂಜೆಗಳೆಲ್ಲ ಆ ಅಂಗೈಯಗಲದ ತೆರೆಯಲ್ಲಿ ಇಳಿದು ಬರುತ್ತಿದ್ದವು, ಚೀಲದ ಮುಂದೆ ಬಂದು ನಿಲ್ಲುತ್ತಿದ್ದವು, ಮತ್ತೆ ಗುಡ್ಡದ ಮೇಲಿಂದ ಶುರುವಾಗುತ್ತಿದ್ದವು.

ಹೊರಗೆ ರಂಜಿತಾ ಕರೆದಳು, ಆ ಗಿಡ್ಡನೆಯ ಮೂಗಿನ ದನಿಯಲ್ಲಿ. ಅವ್ವ ಕಿವಿಗೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಅಂಗಳದಾಚೆ ಗೊರಸುಗಳ ಸದ್ದು ಕೇಳಿತು. ಅವ್ವ ಫೋನನ್ನು ನನ್ನ ಕೈಗಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. “ಬಂದ್ವು. ಮರಿ ಬಿಡ್ಬೇಕು,” ಎನ್ನುತ್ತಾ ಹೋದಳು.

ಫೋನಿನಲ್ಲಿ ಅವ್ವ ಇನ್ನೂ ಕೂಗುತ್ತಿದ್ದಳು. ಕಿಟಕಿ ತೆರೆದಿತ್ತು, ಹೊರಗೆ ಕುರಿಗಳು ಹತ್ತಿರದಲ್ಲೇ ಇದ್ದವು. ನಾನು ಬೇಗ ದನಿ ಪೂರ್ತಿ ತಗ್ಗಿಸಿದೆ.